ಮೂರನೇ ಸಿಲಿಂಡರಿನ ಮಿಸ್ ನಿಲ್ಲುತ್ತಲೇ ಇಲ್ಲ: ಮನೆಯಲ್ಲೇ ಪತ್ತೆ ಹಚ್ಚಿದವರು ಅನುಭವ ತಿಳಿಸಿ

ಪ್ರಶ್ನೆ ಕೇಳಿದವರು

ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಸ್ಟೀರಿಂಗ್ ಹಿಡಿದ ಕೈಗೆ ತಿಳಿಯುವಷ್ಟು ಅದುರುತ್ತದೆ. 2,500 ಆರ್‌ಪಿಎಂ ದಾಟಿದರೆ ಸರಿಹೋಗುತ್ತದೆ. ಸ್ಕ್ಯಾನರ್ ಪ್ರತಿ ಸಲವೂ ಪಿ0303 ಎಂದೇ ತೋರಿಸುತ್ತದೆ, ಅಂದರೆ ಮೂರನೇ ಸಿಲಿಂಡರಿನಲ್ಲಿ ಮಿಸ್ (ಇಂಧನ ಸರಿಯಾಗಿ ಉರಿಯದಿರುವುದು). ನಾಲ್ಕೂ ಪ್ಲಗ್‌ಗಳನ್ನು ಮತ್ತು ಮೂರನೆಯ ಕಾಯಿಲನ್ನು (ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ಹೊಸದಾಗಿ ಹಾಕಿಯಾಗಿದೆ. ವರ್ಕ್‌ಶಾಪಿಗೆ ಒಯ್ಯುವ ಮೊದಲು ಮನೆಯಲ್ಲಿ ಇನ್ನೇನು ನೋಡಬಹುದು?

ಉತ್ತರ 1

ನಾನು ಇದೇ ಕಾಟವನ್ನು ಹನ್ನೊಂದು ವಾರ ಅನುಭವಿಸಿದ್ದೇನೆ. ನನ್ನದು ಎರಡನೇ ಸಿಲಿಂಡರ್. ಕಾಯಿಲ್ ಬದಲಿಸಿದೆ, ನಾಲ್ಕು ದಿನ ಸರಿಯಿದ್ದು ಐದನೆಯ ದಿನ ಮತ್ತೆ ಶುರುವಾಯಿತು. ಹೊಸ ಕಾಯಿಲೇ ಕೆಟ್ಟದ್ದಿರಬೇಕೆಂದು ಎರಡನೆಯದನ್ನು ತಂದೆ, ಆಮೇಲೆ ಮೂರನೆಯದನ್ನು. ಪ್ರತಿ ಸಲವೂ ಕೆಲವು ದಿನ ಸುಧಾರಿಸಿ ಮತ್ತೆ ಕೆಡುತ್ತಿದ್ದುದರಿಂದ ನನ್ನ ಊಹೆಯೇ ಸರಿ ಎಂದು ನಂಬಿಬಿಟ್ಟೆ. ನಂತರ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಬದಲಿಸಲು ಹೋದಾಗ, ಕೂರಿಸುವ ಭರದಲ್ಲಿ ಅದರ ರಬ್ಬರ್ ಓ-ರಿಂಗ್ ಕತ್ತರಿಸಿ ಪೆಟ್ರೋಲ್ ಜಿನುಗಿತು. ಬೇರೆ ಓ-ರಿಂಗ್ ಸಿಗುವವರೆಗೆ ಒಂಬತ್ತು ದಿನ ಗಾಡಿ ನಿಂತಲ್ಲೇ ನಿಂತಿತು. ಅಷ್ಟರಲ್ಲಿ ಒಂದು ತಿಂಗಳ ಸಂಬಳದ ಮೂರನೇ ಒಂದು ಪಾಲು ಖರ್ಚಾಗಿತ್ತು.

ಕೊನೆಗೆ ಕಾಯಿಲಿನ ಕನೆಕ್ಟರ್ ಒಳಗೆ ಟಾರ್ಚ್ ಬಿಟ್ಟು ನೋಡಿದೆ. ಒಂದು ಪಿನ್ ಉಳಿದವುಗಳಿಗಿಂತ ಕೂದಲೆಳೆಯಷ್ಟು ಹಿಂದೆ ಸರಿದಿತ್ತು, ಅದರ ಅಂಚಿನಲ್ಲಿ ಹಸಿರು ಕಿಲುಬು ಕಟ್ಟಿತ್ತು. ಕಾಯಿಲ್ ಬದಲಿಸುವಾಗಲೆಲ್ಲ ಕನೆಕ್ಟರನ್ನು ಕಳಚಿ ಒತ್ತಿ ಹಾಕುತ್ತಿದ್ದೆನಲ್ಲ, ಆ ನಾಲ್ಕು ದಿನಗಳ ಸುಧಾರಣೆ ಅದರಿಂದ ಬಂದದ್ದು. ಆದ್ದರಿಂದ ಯಾವ ಬಿಡಿಭಾಗವನ್ನು ಕೊಳ್ಳುವ ಮೊದಲೂ ವೈರಿಂಗ್ ನೋಡಿ.

ಉತ್ತರ 2

ಮೂರು ಕಾಯಿಲ್ ಕೊಳ್ಳುವ ಬದಲು ಎರಡನೆಯ ಕಾಯಿಲನ್ನು ನಾಲ್ಕನೆಯದರ ಜಾಗಕ್ಕೆ ಹಾಕಿ, ಕೋಡ್ ಪಿ0304 ಆಗುತ್ತದೆಯೇ ಎಂದು ನೋಡಿದ್ದರೆ ಹತ್ತು ನಿಮಿಷದಲ್ಲಿ ಕಾಯಿಲ್ ನಿರ್ದೋಷಿಯೆಂದು ತಿಳಿಯುತ್ತಿತ್ತು. ಭಾಗಗಳನ್ನು ಒಂದಾದ ಮೇಲೊಂದು ಬದಲಿಸುವುದನ್ನು ದೋಷ ಪತ್ತೆ ಎಂದು ಕರೆಯಲು ನನ್ನಿಂದಾಗದು.

ನಾನು ಮೊದಲು ಕೊಂಡದ್ದು ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್, ಆ ನಿರ್ಧಾರದ ಬಗ್ಗೆ ನನಗೆ ಹೆಮ್ಮೆಯಿದೆ. ಮೂರು ಸಿಲಿಂಡರುಗಳಲ್ಲಿ 12 ಬಾರ್, ನಾಲ್ಕನೆಯದರಲ್ಲಿ 7. ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗಲೂ 7ರಲ್ಲೇ ನಿಂತಿತು. ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಒತ್ತಡ ಏರುತ್ತಿತ್ತು. ಉಳಿದದ್ದು ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲು). ನನ್ನ ಗಾಡಿ ಬಹುಕಾಲ ಗ್ಯಾಸ್‌ನಲ್ಲಿ ಓಡಿತ್ತು. ಎಕ್ಸಾಸ್ಟ್ ವಾಲ್ವಿನ ಸೀಟು ಸವೆದಂತೆ ವಾಲ್ವ್ ಮೇಲಕ್ಕೆ ಸರಿದು ಟ್ಯಾಪೆಟ್ ಸಂದು (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಅಂತರ) ಕಿರಿದಾಗುತ್ತದೆ. ಕೈಪಿಡಿ 0.30 ಮಿ.ಮೀ. ಎನ್ನುತ್ತಿದ್ದಲ್ಲಿ 0.05ರ ಫೀಲರ್ ಗೇಜ್ ಎಲೆ ಕೂಡ ಬಿಗಿಯಾಗಿ ಹೋಯಿತು. ಎಂಜಿನ್ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚುತ್ತಲೇ ಇರಲಿಲ್ಲ. ಸರಿಹೊಂದಿಸಿದ ಮೇಲೆ 11.5 ಬಾರ್ ಬಂತು, ಇಂದಿಗೂ ಹಾಗೆಯೇ ಇದೆ.

ಉತ್ತರ 1 ಬರೆದವರು

ನನ್ನ ದೋಷ ಕನೆಕ್ಟರಿನಲ್ಲಿತ್ತು ಎಂದು ಸ್ಪಷ್ಟವಾಗಿ ಬರೆದಿದ್ದೇನೆ. ನಿಮ್ಮ ಗೇಜಿನಿಂದ ಅದು ಸಿಗುತ್ತಿತ್ತೇ? ಇನ್ನೊಬ್ಬರ ನಷ್ಟದ ಮೇಲೆ ಪಾಠ ಹೇಳುವ ಮೊದಲು ಪೂರ್ತಿ ಓದುವ ಸೌಜನ್ಯವಿರಲಿ. ಮೇಲಾಗಿ ಕಾಯಿಲ್ ಅದಲುಬದಲು ಮಾಡುವ ಪರೀಕ್ಷೆಯೂ ದಾರಿ ತಪ್ಪಿಸಬಲ್ಲದು: ಕನೆಕ್ಟರ್ ಕಳಚಿ ಹಾಕಿದ ಮಾತ್ರಕ್ಕೆ ಮಿಸ್ ತಾತ್ಕಾಲಿಕವಾಗಿ ನಿಂತರೆ ಕೋಡ್ ಯಾವ ಸಿಲಿಂಡರಿನಲ್ಲೂ ಬರುವುದಿಲ್ಲ.

ಉತ್ತರ 3

ಇಬ್ಬರೂ ಮುಖ್ಯ ಮಾತನ್ನೇ ಬಿಟ್ಟಿದ್ದೀರಿ. ಪರೀಕ್ಷೆ ಮಾಡುತ್ತೇನೆಂದು ಮಿಸ್ ಆಗುವ ಗಾಡಿಯನ್ನು ಓಡಿಸುತ್ತಲೇ ಇರಬೇಡಿ. ಎಂಜಿನ್ ಲೈಟ್ ಮಿನುಗುತ್ತಿದ್ದರೂ ನಾನು ಎರಡು ವಾರ ಓಡಿಸಿದೆ. ಉರಿಯದ ಪೆಟ್ರೋಲ್, ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು, ಒಳಗಿನ ಜೇನುಗೂಡಿನಂತಹ ಪಿಂಗಾಣಿಯೇ ಕರಗಿತು. ಬಿಚ್ಚಿ ಅಲುಗಾಡಿಸಿದಾಗ ಅದರ ಚೂರುಗಳು ಗಲಗಲ ಎಂದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಮಿಸ್ಸಿನ ಮೂಲವನ್ನು ಸರಿಪಡಿಸಿದ್ದಕ್ಕಿಂತ ಹೆಚ್ಚು ಹಣ ಕನ್ವರ್ಟರಿಗೇ ಹೋಯಿತು.

ಮೂಲ ಹೆಡ್ ಗ್ಯಾಸ್ಕೆಟ್. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಮಾತ್ರ ಮಿಸ್, ಆಮೇಲೆ ಸರಿ. ರಾತ್ರಿ ಸಿಲಿಂಡರಿಗೆ ಹನಿಹನಿಯಾಗಿ ಕೂಲೆಂಟ್ ಇಳಿಯುತ್ತಿತ್ತು. ಮೂರು ಪ್ಲಗ್ಗುಗಳು ಕಂದುಬಣ್ಣದಲ್ಲಿದ್ದರೆ ಒಂದು ಮಾತ್ರ ತೊಳೆದಿಟ್ಟಂತಿತ್ತು. ನಾನು ಅದನ್ನು ಒಳ್ಳೆಯ ಲಕ್ಷಣವೆಂದು ತಿಳಿದೆ. ಕೂಲೆಂಟ್ ಮಟ್ಟ ತಿಂಗಳಿಗೆ ಒಂದು ಬೆರಳಷ್ಟು ಇಳಿಯುತ್ತಿದ್ದುದನ್ನೂ ಕಡೆಗಣಿಸಿದೆ. ಆ ತಪ್ಪಿಗೆ ನನ್ನನ್ನು ನಾನು ಇನ್ನೂ ಕ್ಷಮಿಸಿಕೊಂಡಿಲ್ಲ.

ಉತ್ತರ 4

ಐಡ್ಲಿಂಗ್‌ನಲ್ಲಿ ಮಾತ್ರ ಮಿಸ್ ಎಂದರೆ ನನ್ನ ಅನುಭವದಲ್ಲಿ ಅದು ಗಾಳಿ ಸೋರಿಕೆ. ನನ್ನ ಎಂಜಿನ್ನಿನಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಎಷ್ಟು ಶೇಕಡಾ ಹೆಚ್ಚು ಇಂಧನ ಸೇರಿಸುತ್ತಿದೆ ಎಂಬ ಲೆಕ್ಕ) ಐಡ್ಲಿಂಗ್‌ನಲ್ಲಿ +18 ಇದ್ದು, 2,500ಕ್ಕೆ ಏರಿಸಿದಾಗ +4ಕ್ಕೆ ಇಳಿಯುತ್ತಿತ್ತು. ಥ್ರಾಟಲ್ ಮುಚ್ಚಿದ್ದಾಗ ಒಳಗೆ ಬರುವ ಗಾಳಿಯೇ ಕಡಿಮೆ, ಆದ್ದರಿಂದ ಸೋರಿ ನುಗ್ಗುವ ಗಾಳಿಯ ಪಾಲು ದೊಡ್ಡದಾಗುತ್ತದೆ. ಥ್ರಾಟಲ್ ತೆರೆದಂತೆ ಅದು ಗಣನೆಗೆ ಬರುವುದಿಲ್ಲ. ಕಾರ್ಬ್ ಕ್ಲೀನರನ್ನು ಇನ್‌ಟೇಕ್ ಮ್ಯಾನಿಫೋಲ್ಡಿನ ಅಂಚಿಗೆ ಸ್ವಲ್ಪಸ್ವಲ್ಪವೇ ಸಿಂಪಡಿಸುತ್ತ ಹೋದೆ. ಒಂದು ಸಿಲಿಂಡರಿನ ಕೊಳವೆಯ ಗ್ಯಾಸ್ಕೆಟ್ ಬಳಿ ತಲುಪಿದ ಕೂಡಲೇ ಆ ದ್ರವ ಸೋರುವ ಜಾಗದಿಂದ ಒಳಹೊಕ್ಕು ಇಂಧನದ ಕೊರತೆ ತುಂಬಿ, ಅದುರುವಿಕೆ ನಿಂತು ಸದ್ದು ನಯವಾಯಿತು.

ಉತ್ತರ 3 ಬರೆದವರು

ಓಡುತ್ತಿರುವ ಬಿಸಿ ಎಂಜಿನ್ನಿಗೆ ಬೆಂಕಿ ಹಿಡಿಯುವ ದ್ರವವನ್ನು ಸಿಂಪಡಿಸಲು ಹೊಸಬರಿಗೆ ಹೇಳುವುದು ಹೊಣೆಗೇಡಿತನ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅಲ್ಲೇ ಇರುತ್ತದೆ. ಹೊಗೆ ಬಿಟ್ಟು ನೋಡುವ ಪರೀಕ್ಷೆ ಇರುವಾಗ ಇದು ಬೇಕೇ?

ಉತ್ತರ 4

ಎಂಜಿನ್ ತಣ್ಣಗಿದ್ದಾಗ ಶುರುಮಾಡಿ, ಅಗ್ನಿಶಾಮಕ ಡಬ್ಬಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ಮಾಡಿದೆ. ಅದನ್ನು ಮೊದಲೇ ಬರೆಯಬೇಕಿತ್ತು, ಒಪ್ಪುತ್ತೇನೆ. ಆದರೆ ಲೈಟ್ ಮಿನುಗುತ್ತಿದ್ದರೂ ಎರಡು ವಾರ ಓಡಿಸಿದವರಿಂದ ಹೊಣೆಗಾರಿಕೆಯ ಮಾತು ಕೇಳುವುದು ಕಷ್ಟ.

ಉತ್ತರ 5

ಯಾವ ಸಿಲಿಂಡರ್ ಎಂದು ತಿಳಿಯಲು ಓಡುವ ಎಂಜಿನ್ನಿನಲ್ಲಿ ಒಂದೊಂದೇ ಕಾಯಿಲಿನ ಕನೆಕ್ಟರ್ ಎಳೆಯುವುದು ನನ್ನ ಪದ್ಧತಿ. ಯಾವುದನ್ನು ಎಳೆದರೂ ಎಂಜಿನ್ ಲಯ ಬದಲಾಗದೋ ಅದೇ ಸತ್ತ ಸಿಲಿಂಡರ್.

ಉತ್ತರ 2 ಬರೆದವರು

ಕೋಡ್ ಈಗಾಗಲೇ ಪಿ0303 ಎಂದಿದೆ, ಸಿಲಿಂಡರ್ ಯಾವುದೆಂಬುದು ಇಲ್ಲಿ ಪ್ರಶ್ನೆಯಲ್ಲ. ಎಳೆಯಲೇಬೇಕಿದ್ದರೆ ಇಂಜೆಕ್ಟರಿನ ಕನೆಕ್ಟರ್ ಎಳೆಯಿರಿ. ಕಾಯಿಲ್ ಎಳೆದರೆ ಕಿಡಿಯಿಲ್ಲದೆ ಪೆಟ್ರೋಲ್ ನೇರವಾಗಿ ಕನ್ವರ್ಟರಿಗೆ ಹೋಗುತ್ತದೆ. ಅದರ ಫಲವನ್ನು ಮೇಲೆ ಒಬ್ಬರು ಬರೆದಿದ್ದಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆ. ಕನೆಕ್ಟರ್ ಪಿನ್‌ಗಳು ಸರಿಯಿವೆ. ಫ್ಯೂಯಲ್ ಟ್ರಿಮ್ ಐಡ್ಲಿಂಗ್‌ನಲ್ಲೂ +3. ಗೇಜ್ ಎರವಲು ತಂದು ಅಳೆದೆ: 11.5, 11.5, 8, 11. ಆಯಿಲ್ ಬಿಟ್ಟ ಮೇಲೂ ಮೂರನೆಯದು 8ರಲ್ಲೇ ಇದೆ. ಥ್ರಾಟಲನ್ನು ಪೂರ್ತಿ ಒತ್ತಿಯೇ ಅಳೆದೆ, ಇಂಜೆಕ್ಟರುಗಳ ಕನೆಕ್ಟರ್ ಕಳಚಿದ್ದೆ. ಕೂಲೆಂಟ್ ಇಳಿದಿಲ್ಲ.

ಉತ್ತರ 2 ಬರೆದವರು

ವಾಲ್ವ್. ನಿಮ್ಮ ಎಂಜಿನ್ನಿನಲ್ಲಿ ಹೈಡ್ರಾಲಿಕ್ ಟ್ಯಾಪೆಟ್ (ಸಂದನ್ನು ತಾನೇ ಸರಿಹೊಂದಿಸಿಕೊಳ್ಳುವಂಥದ್ದು) ಇಲ್ಲದಿದ್ದರೆ, ರಾತ್ರಿಯಿಡೀ ತಣ್ಣಗಾದ ಮೇಲೆ ಕವರ್ ಬಿಚ್ಚಿ ಮೂರನೆಯದರ ಸಂದು ಅಳೆಯಿರಿ. ಸಂದು ಸರಿಯಿದ್ದರೆ ಸಿಲಿಂಡರಿಗೆ ಗಾಳಿ ತುಂಬಿ, ಅದು ಸೈಲೆನ್ಸರಿನಲ್ಲಿ ಬುಸುಗುಟ್ಟುತ್ತದೆಯೋ ಇನ್‌ಟೇಕಿನಲ್ಲೋ ಎಂದು ಕಿವಿಗೊಡಿ. ಗಾಳಿ ತುಂಬುವಾಗ ಪಿಸ್ಟನ್ ಕಂಪ್ರೆಷನ್ನಿನ ಮೇಲ್ತುದಿಯಲ್ಲಿರಬೇಕು.

ಉತ್ತರ 1 ಬರೆದವರು

ಈ ಸಲ ಅವರ ಮಾತು ಸರಿ. ಆದರೆ ಕವರ್ ಗ್ಯಾಸ್ಕೆಟ್ ಜೊತೆಗೆ ಪ್ಲಗ್ ಕುಳಿಯ ಸೀಲುಗಳನ್ನೂ ಹೊಸದಾಗಿ ತಂದಿಟ್ಟುಕೊಂಡೇ ಬಿಚ್ಚಿ. ಹಳೆಯ ಸೀಲುಗಳನ್ನೇ ಮತ್ತೆ ಕೂರಿಸಿದ ನನಗೆ ಒಂದೇ ತಿಂಗಳಲ್ಲಿ ಕುಳಿಯೊಳಗೆ ಆಯಿಲ್ ಇಳಿದು, ಕಾಯಿಲಿನ ರಬ್ಬರ್ ಉಬ್ಬಿ, ಮತ್ತೊಂದು ಸಿಲಿಂಡರ್ ಮಿಸ್ ಆಗತೊಡಗಿತ್ತು.