ಸಹಾಯ ಬೇಕು: ಗ್ವಾರ್ ಗಮ್ ಅಣು ತುಂಡಾಗ್ತಿದಾವಾ?

ನಮಸ್ಕಾರ್ರೀ. ರಾಯಚೂರಿನಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡ್ತಿದ್ದೀನಿ, ಚವಳಿಕಾಯಿ ಬೀಜದ ಗ್ವಾರ್ ಗಮ್ (ನೀರನ್ನ ದಪ್ಪ ಮಾಡೋ ಅಂಟು) ಮೇಲೆ. ಶೇ. 1ರ ದ್ರಾವಣವನ್ನು ಸ್ನಿಗ್ಧತೆ (ಎಷ್ಟು ದಪ್ಪ ಅನ್ನೋದು) ಅಳೆಯೋ ಯಂತ್ರ ರಿಯೋಮೀಟರ್‌ನಲ್ಲಿ ಜೋರಾಗಿ ತಿರುಗಿಸಿದಷ್ಟೂ ತೆಳುವಾಗುತ್ತೆ. ಅದು ಸರಿ, ಒಂದಕ್ಕೊಂದು ಸಿಕ್ಕಾದ ಉದ್ದನೆಯ ಅಣುಗಳು ಬಿಡಿಸಿಕೊಂಡು ಹರಿವಿನ ದಿಕ್ಕಿಗೆ ಸಾಲಾಗ್ತವೆ. ಆದರೆ ತಿರುಗಿಸೋದು ನಿಲ್ಲಿಸಿ ಅರ್ಧ ಗಂಟೆ ಬಿಟ್ಟರೂ ಸ್ನಿಗ್ಧತೆ ಮೊದಲಿನಷ್ಟಕ್ಕೆ ಬರ್ತಿಲ್ಲ. ಅಣುಗಳೇ ತುಂಡಾದವಾ, ಇಲ್ಲಾ ನಮ್ಮೂರ ಸೆಕೆಗೆ ಬ್ಯಾಕ್ಟೀರಿಯಾ ತಿಂದವಾ? (ರಾತ್ರಿ ಹೊರಗಿಟ್ಟದ್ದು ಬೆಳಿಗ್ಗೆ ನೀರು ನೀರು, ಮೇಲೆ ಹುಳಿ ವಾಸನೆ ಬೇರೆ.) ತಿರುಗಿಸದ ಸ್ಯಾಂಪಲ್ಲನ್ನೂ ಅಷ್ಟೇ ಹೊತ್ತು ಇಟ್ಟು ಅಳೆದರೆ ಎರಡನ್ನೂ ಬೇರ್ಪಡಿಸಬಹುದು ಅನ್ನಿಸುತ್ತೆ, ಸಾಕಾ?

ಇನ್ನೊಂದು: ಅಡ್ಡಡ್ಡ ಇಟ್ಟ ಎರಡು ಪೋಲರಾಯ್ಡ್ (ಒಂದೇ ದಿಕ್ಕಲ್ಲಿ ಕಂಪಿಸೋ ಬೆಳಕನ್ನಷ್ಟೇ ಬಿಡೋ ಹಾಳೆ) ನಡುವೆ ದ್ರಾವಣ ಹರಿಸಿ, ಅಣು ಸಾಲಾದಾಗ ಬೆಳಕು ಮೂಡೋದನ್ನ ನೋಡಿದವರು ಇದ್ದೀರಾ? ಅಣು ಬಿಗಿ ಕಡ್ಡಿಯಂತಿರೋ ಇನ್ನೊಂದು ಅಂಟು ಕ್ಸಾಂಥನ್‌ನಲ್ಲಿ ಸುಲಭ. ಗ್ವಾರ್‌ನಲ್ಲಿ ಕಾಣುತ್ತಾ ಹೇಳ್ರಿ.