ಟಿವಿ, ಎವಿ ರಿಸೀವರ್, ಡಿಶ್ ಬಾಕ್ಸ್: ಯಾವ ವೈರ್ ಎಲ್ಲಿಗೆ ಹಾಕಬೇಕು? ಡೈಲಾಗೇ ಕೇಳಿಸ್ತಿಲ್ಲ

ಸಾಗರದ_ಹಂಚಿನಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಸಾಗರದ ಹತ್ತಿರ. ಹಾಲ್‌ನಲ್ಲಿ 55 ಇಂಚಿನ 4ಕೆ ಟಿವಿ ಇದೆ. ಈಗ ಒಂದು 5.1 ಎವಿ ರಿಸೀವರ್ (ಎಲ್ಲ ಸ್ಪೀಕರ್‌ಗೆ ಧ್ವನಿ ಹಂಚುವ ಪೆಟ್ಟಿಗೆ), ಐದು ಸ್ಪೀಕರ್, ಒಂದು ಸಬ್‌ವೂಫರ್ ತಂದಿದ್ದೇವೆ. ಡಿಶ್‌ನ ಎಚ್‌ಡಿ ಬಾಕ್ಸ್ ಇದೆ, ಒಂದು ಸ್ಟ್ರೀಮಿಂಗ್ ಸ್ಟಿಕ್ ಇದೆ.

ಸದ್ಯ ಬಾಕ್ಸ್‌ನಿಂದ ಟಿವಿಗೆ ಕೆಂಪು-ಬಿಳಿ-ಹಳದಿ ವೈರ್ ಹೋಗಿದೆ, ಫಿಟ್ ಮಾಡಲು ಬಂದವರು ಹಾಗೇ ಹಾಕಿ ಹೋಗಿದ್ದಾರೆ. ಸ್ಟಿಕ್ ಟಿವಿ ಹಿಂದೆ ಚುಚ್ಚಿದೆ. ಟಿವಿಯಿಂದ ರಿಸೀವರ್‌ಗೆ ಆಪ್ಟಿಕಲ್ ವೈರ್.

ಸಿನಿಮಾ ಹಾಕಿದರೆ ಮುಂದಿನ ಎರಡು ಸ್ಪೀಕರ್ ಮಾತ್ರ ಕೆಲಸ ಮಾಡುತ್ತವೆ. ಹೊಡೆದಾಟ, ಹಾಡು ಎಲ್ಲ ಮನೆ ನಡುಗುವ ಹಾಗೆ ಬರುತ್ತದೆ, ಡೈಲಾಗ್ ಶುರುವಾದ ಕೂಡಲೇ ರಿಮೋಟ್ ಹುಡುಕಬೇಕು. ಎಚ್‌ಡಿ ಚಾನೆಲ್ ಕೂಡ ಮಸುಕು. ಅಂಗಡಿಯವರು ದುಬಾರಿ ಎಚ್‌ಡಿಎಂಐ ಕೇಬಲ್ ತಗೊಳ್ಳಿ, ಎಲ್ಲ ಸರಿಹೋಗುತ್ತದೆ ಅಂತಾರೆ. ನಿಜವಾ? ಇನ್ನೊಂದು ವಿಷಯ, ಅಮ್ಮ ಸಂಜೆ ಧಾರಾವಾಹಿ ನೋಡುತ್ತಾರೆ. ಅವರಿಗೂ ಹಾಕಲು ಸುಲಭ ಇರಬೇಕು.

ಹಳೇ_ಸ್ಪೀಕರ್

ನಿಮ್ಮ ಸಾಮಾನಿನಲ್ಲಿ ಏನೂ ಕೊರತೆ ಇಲ್ಲ. ವೈರ್ ಹೋಗಿರುವ ದಾರಿ ಸರಿ ಇಲ್ಲ ಅಷ್ಟೆ.

ಮೊದಲು ಆ ಮೂರು ಬಣ್ಣದ ವೈರ್ ಕಿತ್ತು ಪಕ್ಕಕ್ಕಿಡಿ. ಹಳದಿ ವೈರ್‌ನಲ್ಲಿ ಎಚ್‌ಡಿ ಚಿತ್ರ ಹೋಗುವುದೇ ಇಲ್ಲ. ನೀವು ಎಚ್‌ಡಿ ಚಾನೆಲ್‌ಗೆ ದುಡ್ಡು ಕಟ್ಟಿ ಹಳೇ ಡಬ್ಬಾ ಟಿವಿ ಕಾಲದ ಚಿತ್ರವನ್ನು 55 ಇಂಚಿಗೆ ಹಿಗ್ಗಿಸಿ ನೋಡುತ್ತಿದ್ದೀರಿ. ಬಾಕ್ಸ್‌ನಿಂದ ಒಂದು ಎಚ್‌ಡಿಎಂಐ ವೈರ್ ರಿಸೀವರ್‌ನ ಇನ್‌ಪುಟ್‌ಗೆ ಹಾಕಿ. ಸ್ಟಿಕ್ ಅನ್ನೂ ರಿಸೀವರ್‌ಗೇ ಚುಚ್ಚಿ. ಆಮೇಲೆ ರಿಸೀವರ್‌ನ ಎಚ್‌ಡಿಎಂಐ ಔಟ್‌ನಿಂದ ಟಿವಿಗೆ ಒಂದೇ ಒಂದು ವೈರ್. ಟಿವಿ ಕಡೆ ಅದು ಎಆರ್‌ಸಿ ಅಥವಾ ಇಎಆರ್‌ಸಿ ಅಂತ ಬರೆದಿರುವ ಪೋರ್ಟ್‌ಗೇ ಹೋಗಬೇಕು, ಪಕ್ಕದ ಪೋರ್ಟ್‌ಗೆ ಹಾಕಿದರೆ ಚಿತ್ರ ಬರುತ್ತದೆ, ಆದರೆ ಟಿವಿಯೊಳಗಿನ ಆ್ಯಪ್‌ಗಳ ಧ್ವನಿ ವಾಪಸ್ ರಿಸೀವರ್‌ಗೆ ಬರುವುದಿಲ್ಲ. ಟಿವಿ ಸೆಟ್ಟಿಂಗ್‌ನಲ್ಲಿ ಸಿಇಸಿ (ಎಚ್‌ಡಿಎಂಐನಲ್ಲಿ ಸೇರಿದ ಸಾಮಾನುಗಳು ಒಂದನ್ನೊಂದು ನಿಯಂತ್ರಿಸುವ ಸೌಲಭ್ಯ) ಆನ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್.

ಡೈಲಾಗ್ ವಿಷಯಕ್ಕೆ ಬರೋಣ. 5.1 ಸಿನಿಮಾದಲ್ಲಿ ಮಾತು ಹೆಚ್ಚಾಗಿ ಬರುವುದು ನಡುವಿನ ಸ್ಪೀಕರ್‌ನಿಂದ. ನಿಮ್ಮ ಟಿವಿ ಬಹುಶಃ ಆಪ್ಟಿಕಲ್‌ನಲ್ಲಿ ಪಿಸಿಎಂ (ಕುಗ್ಗಿಸದ ಡಿಜಿಟಲ್ ಧ್ವನಿ) ಕಳಿಸುತ್ತಿದೆ. ಆಪ್ಟಿಕಲ್‌ನಲ್ಲಿ ಪಿಸಿಎಂ ಅಂದರೆ ಎರಡೇ ಚಾನೆಲ್. ಹಾಗಾಗಿ ನಡುವಿನ ಸ್ಪೀಕರ್ ಸುಮ್ನೆ ಕೂತಿದೆ. ಸ್ಟ್ರೀಮಿಂಗ್‌ನಲ್ಲಿ ಈಗ ಜಾಸ್ತಿ ಬರುವುದು ಡಾಲ್ಬಿ ಡಿಜಿಟಲ್ ಪ್ಲಸ್, ಅದು ಆಪ್ಟಿಕಲ್‌ನಲ್ಲಿ ಹೋಗುವುದೇ ಇಲ್ಲ, ಎಆರ್‌ಸಿಯಲ್ಲಿ ಹೋಗುತ್ತದೆ. ಟಿವಿಯ ಡಿಜಿಟಲ್ ಆಡಿಯೋ ಔಟ್ ಅನ್ನು ಪಾಸ್‌ಥ್ರೂ (ಬಂದ ಧ್ವನಿಯನ್ನು ಹಾಗೇ ದಾಟಿಸುವುದು) ಅಥವಾ ಆಟೋ ಮಾಡಿ. ಬಾಕ್ಸ್‌ನ ಮೆನುವಿನಲ್ಲಿ ಡಾಲ್ಬಿ ಆಯ್ಕೆ ಇದ್ದರೆ ಅದನ್ನೇ ಇಡಿ. ಎಲ್ಲ ಚಾನೆಲ್‌ನಲ್ಲೂ 5.1 ಇರುವುದಿಲ್ಲ, ಸ್ಟೀರಿಯೋ ಚಾನೆಲ್ ಬಂದಾಗ ರಿಸೀವರ್ ರಿಮೋಟ್‌ನಲ್ಲಿ ಡಾಲ್ಬಿ ಸರೌಂಡ್ ಮೋಡ್ ಒತ್ತಿದರೆ ಮಾತು ನಡುವಿಗೆ ಬರುತ್ತದೆ.

ಕೇಬಲ್ ಬಗ್ಗೆ ಅಂಗಡಿಯವರ ಮಾತು ಕೇಳಬೇಡಿ. ಎಚ್‌ಡಿಎಂಐನಲ್ಲಿ ಹೋಗುವುದು ಬರೀ ಅಂಕಿಗಳು. ಸರಿಯಾಗಿ ತಲುಪದಿದ್ದರೆ ಪರದೆ ಮೇಲೆ ಚುಕ್ಕಿ ಮಿನುಗುತ್ತವೆ, ಇಲ್ಲವೇ ಚಿತ್ರ ಆಗಾಗ ಹೋಗಿ ಬರುತ್ತದೆ. ದುಬಾರಿ ವೈರ್‌ನಲ್ಲಿ ಬಣ್ಣ ಇನ್ನೂ ಚೆನ್ನಾಗಿ ಕಾಣುವುದು ಅಂತೇನೂ ಇಲ್ಲ. ಎರಡು ಮೀಟರ್ ದೂರಕ್ಕೆ ಪ್ರೀಮಿಯಂ ಹೈ ಸ್ಪೀಡ್ ಅಂತ ಲೇಬಲ್ ಇರುವ, 18 ಜಿಬಿಪಿಎಸ್‌ನ ವೈರ್ ಸಾಕು. ಉಳಿದ ದುಡ್ಡಿನಲ್ಲಿ ದಪ್ಪನೆಯ ಒಂದು ಜಮಖಾನ ತಗೊಳ್ಳಿ. ನಿಮ್ಮ ಹಾಲ್‌ನಲ್ಲಿ ಟೈಲ್ಸ್ ಇದ್ದು ಗೋಡೆ ಖಾಲಿ ಇದ್ದರೆ, ಮಾತು ಗೋಜಲಾಗಲು ಅದೂ ಒಂದು ಕಾರಣ.

ಬೆಳಕು_ಪರದೆ

ಮೇಲಿನವರು ಹೇಳಿದ್ದು ಸರಿ, ಆದರೆ ಒಂದು ಮಾತು. ಎಲ್ಲವನ್ನೂ ರಿಸೀವರ್‌ಗೆ ಹಾಕುವ ಮೊದಲು ಅದು 4ಕೆ, ಎಚ್‌ಡಿಆರ್ (ಬೆಳಕು-ನೆರಳಿನ ವ್ಯತ್ಯಾಸ ಹೆಚ್ಚು ತೋರಿಸುವ ಚಿತ್ರ), ಎಚ್‌ಡಿಸಿಪಿ 2.2 (ನಕಲು ತಡೆಯುವ ಬೀಗ) ದಾಟಿಸುತ್ತದಾ ನೋಡಿ. ಹೊಸದಾದರೆ ತೊಂದರೆ ಇಲ್ಲ. ಹಳೇದಾದರೆ ಸ್ಟಿಕ್ ಟಿವಿಯಲ್ಲೇ ಇರಲಿ, ಧ್ವನಿ ಎಆರ್‌ಸಿಯಲ್ಲಿ ಬರಲಿ.

ಅಮ್ಮನ ಸಲುವಾಗಿ ಡಿಶ್ ಬಾಕ್ಸ್ ಕೂಡ ನೇರ ಟಿವಿಗೇ ಇರಲಿ ಅಂತ ನಾನು ಹೇಳುತ್ತೇನೆ. ಧಾರಾವಾಹಿಗೆ ರಿಸೀವರ್ ಯಾಕೆ? ಟಿವಿ ಆನ್ ಮಾಡಿದರೆ ಟಿವಿ ಸ್ಪೀಕರ್‌ನಲ್ಲೇ ಬರಲಿ.

ಚಿತ್ರಕ್ಕೆ ಬಾಕ್ಸ್‌ನ ರೆಸಲ್ಯೂಶನ್ 1080ಐ ಇಡಿ. ನಮ್ಮ ದೇಶದ ಎಚ್‌ಡಿ ಚಾನೆಲ್‌ಗಳು ಬರುವುದೇ 1080ಐನಲ್ಲಿ. ಚಾನೆಲ್ ಲೋಗೋದ ಅಂಚು ಕತ್ತರಿಸಿದ ಹಾಗೆ ಕಂಡರೆ ಟಿವಿ ಚಿತ್ರವನ್ನು ಹಿಗ್ಗಿಸುತ್ತಿದೆ ಅಂತ ಅರ್ಥ. ಎಲ್‌ಜಿಯಲ್ಲಿ ಜಸ್ಟ್ ಸ್ಕ್ಯಾನ್ ಹುಡುಕಿ, ಬೇರೆ ಟಿವಿಗಳಲ್ಲೂ ಇಂಥದ್ದೇ ಒಂದು ಆಯ್ಕೆ ಇರುತ್ತದೆ. ವಿವಿಡ್ ಮೋಡ್ ದಯವಿಟ್ಟು ಬಿಡಿ. ಅದು ಅಂಗಡಿಯ ಟ್ಯೂಬ್‌ಲೈಟ್ ಬೆಳಕಿನಲ್ಲಿ ಎದ್ದು ಕಾಣಲು ಇರುವುದು, ಮನೆಯಲ್ಲಿ ಎಲ್ಲರ ಮುಖವೂ ಕೆಂಡದ ಹಾಗೆ ಕಾಣುತ್ತದೆ. ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್ ಇಡಿ. ಮೊದಲ ದಿನ ಸ್ವಲ್ಪ ಹಳದಿ ಅನಿಸುತ್ತದೆ, ಆಮೇಲೆ ಕಣ್ಣು ಒಗ್ಗುತ್ತದೆ. ಮೋಷನ್ ಸ್ಮೂತಿಂಗ್ ಆಫ್ ಮಾಡಿ. ಸಿನಿಮಾ ಸೆಕೆಂಡಿಗೆ 24 ಫ್ರೇಮ್‌ನದು, ಟಿವಿ ನಡುನಡುವೆ ತನ್ನದೇ ಫ್ರೇಮ್ ಹುಟ್ಟಿಸಿ ತುಂಬಿದರೆ ಅದು ಧಾರಾವಾಹಿಯ ಹಾಗೆ ಕಾಣುತ್ತದೆ.

ಸ್ಟಿಕ್ ಹಾಕಿದ ಪೋರ್ಟ್‌ಗೆ ಟಿವಿಯಲ್ಲಿ ಪೂರ್ತಿ ಸಿಗ್ನಲ್ ತೆರೆದಿದೆಯಾ ಅಂತಲೂ ನೋಡಿ. ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಎಲ್‌ಜಿಯಲ್ಲಿ ಡೀಪ್ ಕಲರ್. ಅದು ಆಫ್ ಇದ್ದರೆ ಎಚ್‌ಡಿಆರ್ ಬರದೇ ಹೋಗಬಹುದು.

ಹಳೇ_ಸ್ಪೀಕರ್

ಬಾಕ್ಸ್ ನೇರ ಟಿವಿಗೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕೆಲವು ಟಿವಿಗಳು ಹೊರಗಿನಿಂದ ಬಂದ ಧ್ವನಿಯನ್ನು ಮುಂದೆ ಕಳಿಸುವಾಗ ಎರಡು ಚಾನೆಲ್‌ಗೆ ಇಳಿಸಿಬಿಡುತ್ತವೆ. ರಿಸೀವರ್‌ನಲ್ಲಿ ಸ್ಟ್ಯಾಂಡ್‌ಬೈ ಪಾಸ್‌ಥ್ರೂ ಆನ್ ಮಾಡಿದರೆ ಅದು ಮಲಗಿದ್ದಾಗಲೂ ಚಿತ್ರ, ಧ್ವನಿ ಎರಡೂ ಟಿವಿಗೆ ಹೋಗುತ್ತವೆ. ಅಮ್ಮನಿಗೂ ಕಷ್ಟ ಇಲ್ಲ, ಅಲ್ವಾ?

ಸ್ಪೀಕರ್ ಇಡುವ ಬಗ್ಗೆ ಹೇಳುವುದು ಮರೆಯಬಾರದು. ನಡುವಿನ ಸ್ಪೀಕರ್ ಅನ್ನು ಶೋಕೇಸ್ ಒಳಗೆ ತಳ್ಳಬೇಡಿ. ಹಲಗೆಯ ಅಂಚಿನವರೆಗೆ ಮುಂದೆ ಎಳೆದು, ಕೆಳಗೆ ಇದ್ದರೆ ಮುಂದಿನ ಕಾಲಿಗೆ ಒಂದು ರಬ್ಬರ್ ತುಂಡು ಇಟ್ಟು ಮುಖವನ್ನು ಕಿವಿಯ ಕಡೆ ಎತ್ತಿ. ಇಷ್ಟಕ್ಕೇ ಮಾತು ಎಷ್ಟು ಬಿಡಿಸಿಕೊಳ್ಳುತ್ತದೆ ನೋಡಿ. ಸರೌಂಡ್ ಸ್ಪೀಕರ್ ಎರಡೂ ನೀವು ಕೂರುವ ಜಾಗದ ಎಡ-ಬಲಕ್ಕೆ, ಸ್ವಲ್ಪ ಹಿಂದೆ, ಕಿವಿಗಿಂತ ತುಸು ಮೇಲೆ ಇರಲಿ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಸ್ಪೀಕರ್‌ನಲ್ಲಿ ಅದಲುಬದಲಾದರೂ ಬೇಸ್ ತೆಳುವಾಗುತ್ತದೆ.

ಕೊನೆಗೆ ರಿಸೀವರ್ ಜೊತೆ ಬಂದ ಮೈಕ್ ಹಾಕಿ ಆಟೋ ಸೆಟಪ್ ಓಡಿಸಿ. ಮೈಕ್ ನೀವು ಕೂತಾಗ ಕಿವಿ ಇರುವ ಎತ್ತರದಲ್ಲಿರಲಿ. ಫ್ಯಾನ್ ಆಫ್ ಮಾಡಿ, ಕುಕ್ಕರ್ ಕೂಗದ ಹೊತ್ತು ನೋಡಿಕೊಳ್ಳಿ. ಮುಗಿದ ಮೇಲೆ ಎಲ್ಲ ಸ್ಪೀಕರ್ ಸ್ಮಾಲ್, ಕ್ರಾಸ್‌ಓವರ್ (ಅದಕ್ಕಿಂತ ಕೆಳಗಿನ ಬೇಸ್ ಸಬ್‌ವೂಫರ್‌ಗೆ ಹೋಗುವ ಗಡಿ) 80 ಹರ್ಟ್ಜ್ ಇದೆಯಾ ನೋಡಿ. ಸ್ಪೀಕರ್ ತೀರಾ ಚಿಕ್ಕದಾದರೆ 100 ಅಥವಾ 120 ಇಡಿ.

ಸಾಗರದ_ಹಂಚಿನಮನೆ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ರಿಸೀವರ್ 4ಕೆ ದಾಟಿಸುತ್ತದೆ, ಹಾಗಾಗಿ ಎಲ್ಲ ಅದಕ್ಕೇ ಹಾಕಿದೆ. ಸ್ಟ್ಯಾಂಡ್‌ಬೈ ಪಾಸ್‌ಥ್ರೂ ಕೂಡ ಕೆಲಸ ಮಾಡುತ್ತಿದೆ. ಐದೂ ಸ್ಪೀಕರ್ ಬರುತ್ತಿವೆ, ಪಿಸುಮಾತು ಕೂಡ ಕೇಳಿಸುತ್ತದೆ. ಚಾನೆಲ್ ನೋಡಿ ಅಮ್ಮ ಟಿವಿ ಹೊಸದಾ ಅಂತ ಕೇಳಿದರು!

ಈಗ ಒಂದೇ ತೊಂದರೆ. ಸಬ್‌ವೂಫರ್‌ನಿಂದ ಸದಾ ಗುಂಯ್ ಅಂತ ಸದ್ದು, ಸಿನಿಮಾ ನಿಲ್ಲಿಸಿದರೂ ಹೋಗುವುದಿಲ್ಲ.

ತಂತಿ_ಪೆಟ್ಟಿಗೆ

ಸಬ್‌ವೂಫರ್ ಬೇರೆ ಗೋಡೆಯ ಪ್ಲಗ್‌ನಲ್ಲಿದೆಯಾ? ಎರಡು ಕಡೆಯ ಅರ್ಥ್ ಬೇರೆ ಬೇರೆ ಆದಾಗ ಕರೆಂಟಿನ 50 ಹರ್ಟ್ಜ್ ಸದ್ದು ಹೀಗೆ ಒಳಗೆ ಬರುತ್ತದೆ. ಟಿವಿ, ರಿಸೀವರ್, ಸಬ್‌ವೂಫರ್ ಮೂರನ್ನೂ ಒಂದೇ ಒಳ್ಳೆಯ ಸ್ಪೈಕ್ ಗಾರ್ಡ್‌ಗೆ ಹಾಕಿ ನೋಡಿ. ಹೋಗದಿದ್ದರೆ ಡಿಶ್ ವೈರ್ ಅನ್ನು ಬಾಕ್ಸ್ ಹಿಂದಿನಿಂದ ತಿರುಗಿಸಿ ಬಿಚ್ಚಿ. ಸದ್ದು ನಿಂತರೆ ಅದು ಆ ವೈರ್ ದಾರಿಯಲ್ಲೇ ಬರುತ್ತಿದೆ. ಏನೇ ಆದರೂ ಮೂರನೇ ಪಿನ್ ಮುರಿಯಬೇಡಿ, ಟೇಪ್ ಸುತ್ತಬೇಡಿ. ಸದ್ದು ಹೋಗುತ್ತದೆ ಅಂತ ಕೆಲವರು ಹೇಳಿಕೊಡುತ್ತಾರೆ, ಅದು ಜೀವಕ್ಕೇ ಅಪಾಯ.

ನೀವು ಸಾಗರದವರು ಅಂದಿರಿ, ಅದಕ್ಕೆ ಇನ್ನೊಂದು ಮಾತು. ಏಪ್ರಿಲ್-ಮೇ ಗುಡುಗು ಮಳೆಯಲ್ಲಿ ಪ್ಲಗ್ ಕಿತ್ತರೆ ಸಾಲದು, ಡಿಶ್ ವೈರ್ ಕೂಡ ಬಿಚ್ಚಬೇಕು. ಮೊದಲು ಹೆಚ್ಚಾಗಿ ಬಾಕ್ಸ್ ಸುಡುತ್ತಿತ್ತು. ಈಗ ಎಲ್ಲ ಎಚ್‌ಡಿಎಂಐನಲ್ಲಿ ಒಂದಕ್ಕೊಂದು ಸೇರಿಕೊಂಡಿವೆ, ಸಿಡಿಲಿನ ಪೆಟ್ಟು ಛಾವಣಿಯಿಂದ ಬಾಕ್ಸ್, ಅಲ್ಲಿಂದ ರಿಸೀವರ್, ಅಲ್ಲಿಂದ ಟಿವಿಯವರೆಗೂ ಹೋಗಬಹುದು. ಮೋಡ ಕಟ್ಟಿದ ಕೂಡಲೇ ಬಿಚ್ಚಿಬಿಡಿ, ಗುಡುಗು ಶುರುವಾದ ಮೇಲೆ ವೈರ್ ಮುಟ್ಟಲು ಹೋಗಬೇಡಿ. ಇನ್‌ವರ್ಟರ್ ಇದ್ದರೂ, ಸ್ಪೈಕ್ ಗಾರ್ಡ್ ಇದ್ದರೂ ಇದನ್ನು ತಪ್ಪಿಸಬೇಡಿ.