ಚಮಚ ಬಗ್ಗಿಸೋ ಗಿಮಿಕ್ ತಗೋಬೇಕು ಅಂತಿದೀನಿ, ಬಳಸಿರೋರು ಅನುಭವ ಹೇಳಿ

ನಮಸ್ಕಾರ ಎಲ್ರಿಗೂ. ಎರಡು ವರ್ಷದಿಂದ ಕಾರ್ಡು, ಕಾಯಿನ್ ಮ್ಯಾಜಿಕ್ ಮಾಡ್ತಿದೀನಿ, ಈಗ ಮೆಂಟಲಿಸಂ, ಅಂದ್ರೆ ಮನಸ್ಸಿನ ಶಕ್ತಿಯಿಂದ್ಲೇ ಮಾಡಿದ ಹಾಗೆ ತೋರಿಸೋ ಮ್ಯಾಜಿಕ್ ಕಡೆ ಮನಸ್ಸು ತಿರುಗಿದೆ, ಅದ್ರಲ್ಲೂ ಚಮಚ, ಫೋರ್ಕು, ಕೀ ಬಗ್ಗಿಸೋದು. ನನ್ನ ಬೆರಳಲ್ಲಿ ಅಷ್ಟು ಶಕ್ತಿ ಇಲ್ಲ, ಅದಕ್ಕೇ ಗಿಮಿಕ್, ಅಂದ್ರೆ ನೋಡೋರಿಗೆ ಗೊತ್ತಾಗದ ಹಾಗೆ ಕೆಲ್ಸ ಮಾಡೋ ಸಾಧನ, ಹುಡುಕ್ತಿರೋದು. ಕಣ್ಣಿಗೆ ಬಿದ್ದಿರೋದು ನಾಲ್ಕು ಥರ: ತಾನಾಗೇ ಬಗ್ಗೋ ಮೆಮೊರಿ ಮೆಟಲ್, ಕತ್ತಿನ ಹತ್ರ ಮೊದ್ಲೇ ವೀಕ್ ಮಾಡಿರೋ ಚಮಚ, ಮ್ಯಾಗ್ನೆಟ್ ಸೆಟ್ಟು, ಆಮೇಲೆ ಕಾಯಿನ್ ಬಗ್ಗಿಸೋಕೆ ಮೈಮೇಲೆ ಬಚ್ಚಿಟ್ಕೊಳ್ಳೋ ಟೂಲು. ಡೆಮೋ ವಿಡಿಯೋದಲ್ಲಿ ಎಲ್ಲಾನೂ ಸೂಪರ್. ನಾನು ಮಾಡೋದು ಹತ್ತಿಪ್ಪತ್ತು ಜನರ ಮುಂದೆ, ಕೈಗೆ ಸಿಗೋ ದೂರದಲ್ಲಿ, ಒಂದೊಂದ್ಸಲ ಸ್ಟೇಜು. ಯಾವ್ದು ತಗೊಳ್ಳಿ, ತಗೊಳ್ಳೋ ಮುಂಚೆ ಏನ್ ನೋಡ್ಬೇಕು? ಸೀಕ್ರೆಟ್ ಬೇಡ, ಅನುಭವ ಸಾಕು.

* * *

ಗುರುವೇ, ನಾನು ಈ ಬಗ್ಗಿಸೋ ಹುಚ್ಚಿಗೆ ಬಿದ್ದು ಹನ್ನೆರಡು ವರ್ಷ ಆಯ್ತು, ಒಂದು ಡ್ರಾಯರ್ ತುಂಬಾ ಗಿಮಿಕ್ ಇದೆ, ಅದ್ರಲ್ಲಿ ಈಗ್ಲೂ ಜೇಬಿಗೆ ಹೋಗೋದು ಎರಡೋ ಮೂರೋ ಅಷ್ಟೆ. ಮಿಕ್ಕಿದ್ದೆಲ್ಲ ಯಾಕೆ ಡ್ರಾಯರಲ್ಲೇ ಉಳೀತು ಅಂತ ಹೇಳ್ತೀನಿ, ಅದೇ ನಿಮ್ ಪ್ರಶ್ನೆಗೆ ಉತ್ತರ.

ಡೆಮೋ ವಿಡಿಯೋ ನೋಡುವಾಗ ಚಮಚ ಬಗ್ಗೋ ಜಾಗ ನೋಡ್ಬೇಡಿ. ಅದು ಚೆನ್ನಾಗೇ ಇರುತ್ತೆ, ಅದನ್ನ ತೋರಿಸೋಕೇ ವಿಡಿಯೋ ಮಾಡಿರೋದು. ಅದಕ್ಕಿಂತ ಹತ್ತು ಸೆಕೆಂಡ್ ಹಿಂದೆ ಏನಾಗ್ತಿತ್ತು, ಬಗ್ಗಿದ್ಮೇಲೆ ಹತ್ತು ಸೆಕೆಂಡಲ್ಲಿ ಏನಾಯ್ತು, ಅದನ್ನ ನೋಡಿ. ಬಹಳಷ್ಟು ವಿಡಿಯೋದಲ್ಲಿ ಕಟ್ ಬೀಳೋದು ಅಲ್ಲೇ. ಚಮಚ ಬಗ್ತು, ಎದುರಿಗಿರೋ ಹುಡುಗಿ ಬಾಯಿ ಮೇಲೆ ಕೈ ಇಟ್ಕೊಂಡ್ಲು, ಕಟ್. ಅಲ್ಲಪ್ಪಾ, ನಿಜವಾದ ಶೋದಲ್ಲಿ ಆ ಹುಡುಗಿ ಬಾಯಿ ಮೇಲಿಂದ ಕೈ ತೆಗೆದು ನೇರ ಚಮಚಕ್ಕೇ ಕೈ ಚಾಚ್ತಾಳೆ, ಆಗ ಕೊಡೋಕಾಗುತ್ತಾ ಇಲ್ವಾ? ಕೊಡೋಕಾಗಲ್ಲ ಅಂದ್ರೆ ನೀವು ಅದನ್ನ ಜೇಬಿಗೆ ಹಾಕ್ಬೇಕು, ಬಗ್ಗಿದ ಚಮಚನ ಯಾರಾದ್ರೂ ಜೇಬಿಗೆ ಹಾಕ್ಕೊಳ್ತಾರಾ, ಅಲ್ಲಿಗೆ ಮುಗೀತು ಕಥೆ.

ಮೆಮೊರಿ ಮೆಟಲ್ ವಿಷ್ಯಕ್ಕೆ ಬರೋಣ. ಅದು ನಿಟಿನಾಲ್, ನಿಕ್ಕಲ್ಲು ಟೈಟೇನಿಯಂ ಸೇರಿರೋ ಮಿಶ್ರಲೋಹ. ಅಮೆರಿಕದ ನೇವಲ್ ಆರ್ಡ್‌ನೆನ್ಸ್ ಲ್ಯಾಬೊರೇಟರಿಯಲ್ಲಿ ಸಿಕ್ಕಿದ್ದು, ಹೆಸರಲ್ಲಿರೋ ಆ ಕೊನೇ ‘ನಾಲ್’ ಆ ಲ್ಯಾಬಿನದೇ. ಒಂದು ಆಕಾರವನ್ನ ಜಾಸ್ತಿ ಬಿಸಿಯಲ್ಲಿ ಅದಕ್ಕೆ ಕಲಿಸಿಟ್ಟಿರ್ತಾರೆ, ತಣ್ಣಗಿದ್ದಾಗ ನೀವು ನೇರ ಮಾಡಿಟ್ರೆ ಹಾಗೇ ಕೂತಿರುತ್ತೆ, ಗೊತ್ತಾದ ಬಿಸಿ ತಾಗಿದ ತಕ್ಷಣ ಕಲಿತಿದ್ದ ಆಕಾರಕ್ಕೆ ವಾಪಸ್ ಹೋಗುತ್ತೆ. ನೋಡೋಕೆ ನಿಜಕ್ಕೂ ಮೈ ಜುಂ ಅನ್ನುತ್ತೆ, ಯಾರೂ ಮುಟ್ಟದೇ ಬಗ್ಗೋದು ಇದೊಂದೇ. ಆದ್ರೆ ಆ ‘ಗೊತ್ತಾದ ಬಿಸಿ’ ಎಷ್ಟು ಅನ್ನೋದು ತಯಾರು ಮಾಡುವಾಗ್ಲೇ ನಿಂತಿರುತ್ತೆ, ನೀವು ಬದಲಾಯ್ಸೋಕಾಗಲ್ಲ. ನಂದು ಬಿಸಿನೀರಿಗೆ ಬಗ್ಗೋದು. ಮೊದಲ್ನೇ ಶೋದಲ್ಲಿ ಮಾತು ಸ್ವಲ್ಪ ಉದ್ದ ಆಯ್ತು, ಕಪ್ಪಲ್ಲಿದ್ದ ನೀರು ಆರೋಯ್ತು, ಚಮಚ ನನ್ ಮುಖ ನಾನು ಅದರ ಮುಖ ನೋಡ್ಕೊಂಡು ಕೂತ್ವಿ. ಸರಿ ಅಂತ ಕಮ್ಮಿ ಬಿಸಿಗೇ ಬಗ್ಗೋದು ಒಂದು ತಗೊಂಡೆ, ಅದು ಕೈ ಶಾಖಕ್ಕೇ ಬಗ್ಗುತ್ತೆ, ಸಖತ್ ಅನ್ಕೊಂಡೆ. ಲೈಟಿನ ಸೆಕೆ ತುಂಬಿದ್ದ ಹಾಲಲ್ಲಿ ನನ್ನ ಸರದಿ ಬರೋ ಹೊತ್ತಿಗೆ ಜೇಬಲ್ಲೇ ಬಗ್ಗಿ ಕೂತಿತ್ತು. ಹಾಗಾಗಿ ಮಾರೋರನ್ನ ಮೊದ್ಲು ಕೇಳ್ಬೇಕಾದ್ದು ‘ಎಷ್ಟು ಡಿಗ್ರಿಗೆ’ ಅಂತ. ಅದಕ್ಕೆ ನಂಬರಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಬಿಟ್ಟಾಕಿ. ಇನ್ನೊಂದು, ಕೈಗೆ ಕೊಟ್ರೆ ಮಾಮೂಲಿ ಸ್ಟೀಲ್ ಅಲ್ಲ ಅಂತ ಸ್ವಲ್ಪ ತಿಳಿದೋರಿಗೆ ಗೊತ್ತಾಗುತ್ತೆ, ನೇರ ಮಾಡೋಕೆ ಹೋದ್ರೆ ಒಂಥರಾ ರಬ್ಬರ್ ಥರ ಎಳೆಯುತ್ತೆ.

* * *

ಮೇಲಿನವರು ಹೇಳಿದ್ದು ಸರಿ, ನಾನು ಲೋಹದ ಕೆಲಸದವನು, ಮ್ಯಾಜಿಕ್ ಹವ್ಯಾಸ ಅಷ್ಟೆ, ನನ್ ಕಡೆಯಿಂದ ಒಂದೆರಡು ಮಾತು.

ಗಿಮಿಕ್ಕಿಗಿಂತ ಮುಂಚೆ ಚಮಚ ನೋಡಿ ಸಾರ್. ಹಿಂದುಗಡೆ 18/10, 18/8, 18/0 ಅಂತ ಗುದ್ದಿರ್ತಾರೆ, ಮೊದಲನೇದು ಕ್ರೋಮಿಯಂ ಶೇಕಡಾ ಎಷ್ಟು ಅಂತ, ಎರಡನೇದು ನಿಕ್ಕಲ್ಲು. 18/0ಗೆ ಮ್ಯಾಗ್ನೆಟ್ ಗಟ್ಟಿಯಾಗಿ ಅಂಟುತ್ತೆ, 18/8, 18/10ಗೆ ಅಂಟಲ್ಲ, ಅಂಟಿದ್ರೂ ಬಗ್ಗಿಸಿ ಒತ್ತಿರೋ ಕಡೆ ಚೂರು. ಈಗ ನೀವು ಮ್ಯಾಗ್ನೆಟ್ ಗಿಮಿಕ್ ತಗೊಂಡು ಯಾರದ್ದೋ ಮನೆಗೆ ಹೋಗಿ ಅವರ ಚಮಚದಲ್ಲಿ ಮಾಡ್ತೀನಿ ಅಂದ್ರೆ, ಅದು 18/8 ಆಗಿದ್ರೆ ಗೋವಿಂದ. ಡಬ್ಬಿ ಮೇಲೆ ‘ಯಾವ ಚಮಚದಲ್ಲಾದ್ರೂ’ ಅಂತ ಬರೆದಿರೋ ಮ್ಯಾಗ್ನೆಟ್ ಐಟಮ್ಮನ್ನ ನಾನಂತೂ ನಂಬಲ್ಲ. ಕೀಗಳು ಬಹುಪಾಲು ಹಿತ್ತಾಳೆ, ಮೇಲೆ ನಿಕ್ಕಲ್ ಲೇಪ ಇದ್ರೂ ಒಳಗೆ ಹಿತ್ತಾಳೇನೆ, ಮ್ಯಾಗ್ನೆಟ್ಟಿಗೆ ಹೇಳ್ಕೊಳ್ಳೋ ಹಾಗೆ ಸಿಗಲ್ಲ. ಅಂದಹಾಗೆ ಈಗ ಬರೋ ನಿಯೋಡಿಮಿಯಂ ಮ್ಯಾಗ್ನೆಟ್ ಚಿಕ್ಕದಾದ್ರೂ ಭಯಂಕರ, ಎದೆಯಲ್ಲಿ ಪೇಸ್‌ಮೇಕರ್ ಇರೋರ ಹತ್ರ ತರ್ಬೇಡಿ, ಮಕ್ಕಳ ಕೈಗೆ ಸಿಗೋ ಹಾಗೆ ಇಡ್ಲೇಬೇಡಿ, ಎರಡು ನುಂಗಿದ್ರೆ ಹೊಟ್ಟೇಲಿ ಒಂದಕ್ಕೊಂದು ಅಂಟ್ಕೊಂಡು ಕರುಳಿಗೇ ತೂತು ಬೀಳುತ್ತೆ.

ಇನ್ನು ವೀಕ್ ಮಾಡಿರೋ ಚಮಚ. ಸ್ಟೇನ್‌ಲೆಸ್ ಸ್ಟೀಲನ್ನ ಒಂದೇ ಜಾಗದಲ್ಲಿ ಆಕಡೆ ಈಕಡೆ ಬಗ್ಗಿಸ್ತಾ ಹೋದ್ರೆ ಅದು ಮೆತ್ತಗಾಗುತ್ತೆ ಅಂತ ತುಂಬಾ ಜನ ಅನ್ಕೊಂಡಿದಾರೆ. ಉಲ್ಟಾ, ಮೊದ್ಲು ಗಟ್ಟಿ ಆಗುತ್ತೆ, ಆಮೇಲೆ ಸೂಕ್ಷ್ಮ ಬಿರುಕು ಬಿಡುತ್ತೆ, ಆಮೇಲೆ ಇದ್ದಕ್ಕಿದ್ದಂಗೆ ಪಟ್ ಅಂತ ಹೋಗುತ್ತೆ. ಆ ಬಿರುಕು ಎಷ್ಟು ದೂರ ಬಂದಿದೆ ಅಂತ ಹೊರಗಿಂದ ಗೊತ್ತಾಗಲ್ಲ, ಹಾಗಾಗಿ ಡಬ್ಬಿಯಲ್ಲಿ ಬಂದ ಹತ್ತು ಚಮಚ ಹತ್ತು ಥರ ನಡ್ಕೊಳುತ್ತೆ. ಒಂದು ಮುಟ್ಟಿದ್ರೆ ಮುರೀತು, ಇನ್ನೊಂದು ಜಪ್ಪಯ್ಯ ಅಂದ್ರೂ ಅಲ್ಲಾಡ್ಲಿಲ್ಲ, ನನ್ ಅನುಭವ ಇದು. ಮುರಿದ ತುದಿ ಬ್ಲೇಡ್ ಥರ ಇರುತ್ತೆ, ನೋಡೋರ ಕೈಗೆ ಕೊಡೋ ಮುಂಚೆ ಯೋಚ್ನೆ ಮಾಡಿ. ಒಂದು ಶೋಗೆ ಒಂದು ಚಮಚ ಖರ್ಚು, ತಿಂಗಳಿಗೆ ಎಷ್ಟು ಶೋ ಅಂತ ಲೆಕ್ಕ ಹಾಕಿ.

ನಿಮ್ಗೆ ಶಕ್ತಿ ಇಲ್ಲ ಅಂದ್ರಲ್ಲ, ಅದು ಶಕ್ತಿ ವಿಷ್ಯ ಅಲ್ಲ, ಚಮಚದ ಕತ್ತು ಎಷ್ಟು ದಪ್ಪ, ಹಿಡಿ ಎಷ್ಟು ಉದ್ದ ಅನ್ನೋ ವಿಷ್ಯ. ದಪ್ಪ ಎರಡರಷ್ಟಾದ್ರೆ ಬಗ್ಗಿಸೋಕೆ ಬೇಕಾದ ಬಲ ಎರಡರಷ್ಟಲ್ಲ, ಸುಮಾರು ನಾಲ್ಕರಷ್ಟು ಬೇಕು. ತೆಳು ಕತ್ತಿನ, ಉದ್ದ ಹಿಡಿಯ ಚಮಚ ಆರಿಸ್ಕೊಂಡ್ರೆ ಅರ್ಧ ಗಿಮಿಕ್ ಅಲ್ಲೇ ಬಂತು.

* * *

ಒಂದು ಸಣ್ಣ ಡೌಟು, ಗ್ಯಾಲಿಯಂ ಚಮಚ ಯಾರೂ ಹೇಳ್ಲೇ ಇಲ್ವಲ್ಲ? ಬಿಸಿನೀರಲ್ಲಿ ಕರಗೋದು?

* * *

ಅದು ಬಗ್ಗೋದಲ್ಲ ಬ್ರೋ, ಮಾಯ ಆಗೋದು. 29.8 ಡಿಗ್ರಿಗೆ ಕರಗುತ್ತೆ, ಅಂದ್ರೆ ಕೈಯಲ್ಲೇ ಕರಗುತ್ತೆ, ಸೆಕೆಗಾಲದಲ್ಲಿ ಇಟ್ಟ ಜಾಗದಲ್ಲೇ ಕರಗುತ್ತೆ. ಬೆರಳಿಗೆಲ್ಲ ಬೂದು ಬಣ್ಣ ಹತ್ತುತ್ತೆ, ಅಲ್ಯುಮಿನಿಯಂ ಮೇಲೆ ಬಿದ್ರೆ ಆ ಲೋಹ ಪುಡಿಪುಡಿ ಆಗೋ ಮಟ್ಟಕ್ಕೆ ಹಾಳು ಮಾಡುತ್ತೆ, ವಿಮಾನದಲ್ಲಿ ಸಾಗಿಸೋಕೆ ನಿರ್ಬಂಧ ಇರೋದೂ ಅದಕ್ಕೇನೆ. ಸೈನ್ಸ್ ಕ್ಲಾಸಿಗೆ ಓಕೆ. ಆ ಕಪ್ಪಲ್ಲಿ ಯಾರೂ ಏನೂ ಕುಡೀಬಾರ್ದು ಅಷ್ಟೆ.

* * *

ಕೀ ಬಗ್ಗೆ ನಾನು ಹೇಳ್ತೀನಿ, ಮದುವೆ ಮನೆ, ಪಾರ್ಟಿಗಳಲ್ಲಿ ಟೇಬಲ್ಲಿಂದ ಟೇಬಲ್ಲಿಗೆ ಹೋಗಿ ಮಾಡೋಳು ನಾನು, ನನ್ ಶೋ ಮುಗಿಯೋದೇ ಕೀಯಿಂದ. ಎರಡು ಗಿಮಿಕ್ ಟ್ರೈ ಮಾಡಿದೀನಿ. ಒಂದು ಬೆರಳಿಗೆ ಹಾಕ್ಕೊಳೋ ಉಂಗುರದ್ದು, ಚೆನ್ನಾಗಿದೆ, ಆದ್ರೆ ಮಾಮೂಲಿ ದಿನದಲ್ಲಿ ನಾನು ಉಂಗುರ ಹಾಕಲ್ಲ, ಶೋ ದಿನ ಒಂದು ದಪ್ಪ ಉಂಗುರ ಹಾಕ್ಕೊಂಡು ಬಂದ್ರೆ ಪರಿಚಯದೋರು ಮೊದ್ಲು ಕೇಳೋದೇ ಅದನ್ನ, ‘ಏನಕ್ಕಾ ಹೊಸ ಉಂಗುರಾ’ ಅಂತ. ಗಿಮಿಕ್ ನೋಡುವಾಗ ಯಾರೂ ಈ ಪ್ರಶ್ನೆ ಕೇಳ್ಕೊಳಲ್ಲ, ಇದು ನನ್ ಮೈಮೇಲೆ ಸಹಜವಾಗಿ ಕೂರುತ್ತಾ ಅಂತ. ಟೂಲುಗಳೆಲ್ಲ ಪ್ಯಾಂಟು ಬೆಲ್ಟು ಹಾಕೋ ಗಂಡಸರನ್ನ ಮನಸ್ಸಲ್ಲಿಟ್ಟು ಮಾಡಿರ್ತಾರೆ, ಸೀರೇಲಿ ಅದನ್ನ ಎಲ್ಲಿ ಇಟ್ಕೊಳೋದು ಹೇಳಿ. ಕಾಯಿನ್ ಟೂಲ್ ನಾನು ವಾಪಸ್ ಕೊಟ್ಟಿದ್ದು ಅದಕ್ಕೇ. ಬೆಲ್ಟಿದ್ರೂ ಅಭ್ಯಾಸ ಬೇಕು, ಕೈ ಸೊಂಟದ ಹತ್ರ ಹೋಗೋಕೆ ಒಂದು ನೆಪ ಬೇಕಲ್ವಾ ಪ್ರತಿಸಲ. ಆಮೇಲೆ ನಾಣ್ಯ ಹಾಳು ಮಾಡೋದು ಎಷ್ಟೋ ದೇಶದಲ್ಲಿ ಕಾನೂನಿಗೆ ವಿರುದ್ಧ, ನೀವಿರೋ ಕಡೆ ಹೇಗಿದೆ ಅಂತ ನೋಡ್ಕೊಳಿ, ನಾನು ಆಟದ ಟೋಕನ್ ಬಳಸ್ತೀನಿ.

ಒಂದು ಮಾತ್ರ ಕೈಮುಗಿದು ಹೇಳ್ತೀನಿ, ಬೇರೆಯವರ ಕೆಲ್ಸಕ್ಕೆ ಬರೋ ಕೀ ಬಗ್ಗಿಸ್ಬೇಡಿ. ಶುರುವಲ್ಲಿ ಗೆಳತಿ ಮನೆ ಕೀ ಬಗ್ಗಿಸಿ, ಎಲ್ರೂ ಚಪ್ಪಾಳೆ ಹೊಡೆದ್ರು, ನಾನೇ ಜೋಪಾನವಾಗಿ ನೇರ ಮಾಡಿ ಕೊಟ್ಟೆ. ಕಣ್ಣಿಗೆ ನೇರಾನೇ ಇತ್ತು, ಬೀಗಕ್ಕೆ ಇರ್ಲಿಲ್ಲ. ರಾತ್ರಿ ಹನ್ನೊಂದೂವರೆಗೆ ಫೋನು, ‘ನಾನು ಬಾಗಿಲ ಹೊರಗಿದೀನಿ ಕಣೇ’ ಅಂತ. ಈಗ ಯಾವ್ದಕ್ಕೂ ಬೇಡವಾದ ಹಳೇ ಕೀಗಳನ್ನೇ ಒಂದು ಗೊಂಚಲು ಇಟ್ಟಿದೀನಿ, ಅವರೇ ಒಂದು ಆರಿಸ್ತಾರೆ.

* * *

ಅಕ್ಕ ಹೇಳಿದ ‘ಅವರೇ ಆರಿಸ್ತಾರೆ’ ಅನ್ನೋದಿದೆಯಲ್ಲ, ನಂಗೆ ಅದೇ ಮುಖ್ಯ ಅನ್ಸುತ್ತೆ. ಯೂರಿ ಗೆಲ್ಲರ್ ಕಥೆ ಗೊತ್ತಿರ್ಬೇಕಲ್ಲ, ಇಸ್ರೇಲಿನವನು, ಚಮಚ ಬಗ್ಗಿಸೋದಕ್ಕೆ ಜಗತ್ತಿನಾದ್ಯಂತ ಹೆಸರು ತಂದುಕೊಟ್ಟೋನೇ ಅವನು, ತನ್ನದು ಮನೋಶಕ್ತಿ ಅಂತ ಹೇಳ್ಕೊಂಡು. 1973ರಲ್ಲಿ ಜಾನಿ ಕಾರ್ಸನ್ ಟಿವಿ ಶೋಗೆ ಕರೆದ್ರು. ಕಾರ್ಸನ್ ಒಂದು ಕಾಲದಲ್ಲಿ ತಾನೇ ಮ್ಯಾಜಿಕ್ ಮಾಡ್ತಿದ್ದೋನು, ಅವನ ಕಡೆಯೋರು ಜಾದೂಗಾರ ಜೇಮ್ಸ್ ರ್‍ಯಾಂಡಿ ಹತ್ರ ಸಲಹೆ ಕೇಳಿದ್ರು, ರ್‍ಯಾಂಡಿ ಹೇಳಿದ್ದು ಇಷ್ಟೇ: ಚಮಚ ಗಿಮಚ ಎಲ್ಲಾ ನಿಮ್ದೇ ಇರ್ಲಿ, ಶೋಗೆ ಮುಂಚೆ ಅವನಾಗ್ಲಿ ಅವನ ಜೊತೆಯೋರಾಗ್ಲಿ ಮುಟ್ಟದ ಹಾಗೆ ನೋಡ್ಕೊಳಿ. ಇಪ್ಪತ್ತು ನಿಮಿಷದ ಮೇಲೆ ಕೂತ್ರೂ ಏನೂ ಆಗ್ಲಿಲ್ಲ.

ನಾನು ಗಿಮಿಕ್ ಪರೀಕ್ಷೆ ಮಾಡೋದು ಈ ಅಳತೆಯಿಂದ್ಲೇ, ಇವತ್ತು ನನ್ನ ಬ್ಯಾಗು ಕಳೆದೋದ್ರೆ ಇದ್ರಲ್ಲಿ ಎಷ್ಟು ಉಳಿಯುತ್ತೆ ಅಂತ. ಏನೂ ಉಳಿಯಲ್ಲ ಅಂದ್ರೆ ಅದು ಒಂದು ಐಟಂ ಅಷ್ಟೆ, ಅದ್ರ ಮೇಲೆ ಶೋ ಕಟ್ಟೋಕಾಗಲ್ಲ.

ಇನ್ನೊಂದು ಹೇಳ್ಬಿಡ್ತೀನಿ, ಇದು ನಂಗೆ ತುಂಬಾ ಇಷ್ಟದ್ದು. ಅಮೆರಿಕದ ಸೇಂಟ್ ಲೂಯಿಸಲ್ಲಿ ವಾಷಿಂಗ್ಟನ್ ಯೂನಿವರ್ಸಿಟಿಯ ಒಂದು ಲ್ಯಾಬಲ್ಲಿ ಮನೋಶಕ್ತಿ ಸಂಶೋಧನೆ ಅಂತ ಶುರು ಮಾಡಿದ್ರು, ದೊಡ್ಡ ಗ್ರಾಂಟು. ಇದೇ ರ್‍ಯಾಂಡಿ ಇಬ್ಬರು ಹುಡುಗ ಜಾದೂಗಾರರನ್ನ ಶಕ್ತಿ ಇರೋರ ವೇಷದಲ್ಲಿ ಒಳಗೆ ಕಳಿಸ್ದ, 1979ರಿಂದ ನಡೆದು 1983ರಲ್ಲಿ ಬಯಲು ಮಾಡಿದ್ದು, ಪ್ರಾಜೆಕ್ಟ್ ಆಲ್ಫಾ ಅಂತ. ಆ ಹುಡುಗ್ರಲ್ಲಿ ಒಬ್ಬನೇ ಈಗ ಬ್ಯಾನಚೆಕ್ ಅಂತ ದೊಡ್ಡ ಹೆಸರು. ಅಲ್ಲಿ ಚಮಚಗಳಿಗೆಲ್ಲ ದಾರದಲ್ಲಿ ಚೀಟಿ ಕಟ್ಟಿ, ಮುಂಚೆ ಎಷ್ಟು ಬಗ್ಗಿತ್ತು ಅಂತ ಅಳತೆ ಮಾಡಿಟ್ಟಿದ್ರು. ಇವರು ಮಾಡಿದ್ದೇನು, ಚೀಟಿ ಅದಲು ಬದಲು. ಮತ್ತೆ ಅಳತೆ ಮಾಡಿದ್ರೆ ನಂಬರ್ ಬೇರೆ, ಓ ಬಗ್ಗಿದೆ! ಒಂದು ಚಮಚಾನೂ ಬಗ್ಗಿಸ್ದೇ ಬಗ್ಗಿಸಿದ್ರು ನೋಡಿ. ಇದಕ್ಕೆ ಯಾವ ಗಿಮಿಕ್ ತಗೊಂಡ್ ಬರ್ತೀರಾ?

* * *

ಇತಿಹಾಸ ಚೆನ್ನಾಗಿದೆ ಸಾರ್, ಆದ್ರೆ ಹೊಸಬ್ರಿಗೆ ಗಿಮಿಕ್ಕೇ ಬೇಡ ಅನ್ನೋ ಧಾಟಿ ನಂಗೆ ಒಪ್ಪಿಗೆ ಇಲ್ಲ. ನಾನು ಸ್ಟೇಜಲ್ಲಿ ಮಾಡೋನು, ಇನ್ನೂರು ಜನ ಕೂತಿರ್ತಾರೆ, ಹದಿನೈದನೇ ಸಾಲಿನೋರಿಗೆ ಕೈಯಲ್ಲಿ ನಿಧಾನಕ್ಕೆ ಬಗ್ಗೋ ಟೀ ಚಮಚ ಏನ್ ಕಾಣುತ್ತೆ? ಅಲ್ಲಿ ಮುರಿದು ಟಣ್ ಅಂತ ನೆಲಕ್ಕೆ ಬೀಳೋ ಸದ್ದೇ ಶೋ. ವೀಕ್ ಮಾಡಿರೋ ಚಮಚ ಅಲ್ಲಿಗೆ ಬೇಕೇ ಬೇಕು, ಆದ್ರೆ ರೆಡಿಮೇಡ್ ತಗೋಬೇಡಿ, ಲೋಹದವರು ಹೇಳಿದ್ದು ಖರೆ, ನೀವೇ ರೆಡಿ ಮಾಡ್ಕೊಂಡ್ರೆ ಒಂದೊಂದು ಚಮಚದ ಗುಣ ಕೈಗೆ ಗೊತ್ತಿರುತ್ತೆ. ಶೋ ದಿನ ಮೂರು ಇಟ್ಕೊಳಿ. ಮುರಿದ ತುಂಡನ್ನ ಯಾರಿಗೂ ಕೊಡ್ಬೇಡಿ, ಕೆಳಗೆ ಬೀಳ್ಲಿ.

ಮೆಮೊರಿ ಮೆಟಲ್ಲನ್ನೂ ಅಷ್ಟು ಬೈಬೇಡಿ. ಕ್ಯಾಮೆರಾ ಮುಂದೆ ಒಂದೇ ಶಾಟಲ್ಲಿ ಮಾಡೋಕೆ ಅದಕ್ಕೆ ಸಾಟಿ ಇಲ್ಲ, ಶಾಖ ನಿಮ್ ಹಿಡಿತದಲ್ಲಿರುತ್ತೆ, ಕೈಗೆ ಕೇಳೋರು ಯಾರೂ ಇರಲ್ಲ.

* * *

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರುತ್ತೆ ಅನ್ಕೊಂಡಿರ್ಲಿಲ್ಲ. ನಿನ್ನೆ ಕೂತು ಸೇವ್ ಮಾಡಿಟ್ಟಿದ್ದ ಡೆಮೋಗಳನ್ನೆಲ್ಲ ಮತ್ತೆ ನೋಡ್ದೆ, ಬಗ್ಗೋ ಜಾಗ ಬಿಟ್ಟು. ಏಳರಲ್ಲಿ ಐದು ವಿಡಿಯೋದಲ್ಲಿ ಬಗ್ಗಿದ ಮೇಲೆ ಕಟ್ ಇದೆ, ಒಂದ್ರಲ್ಲಿ ಚಮಚ ಕೊಡ್ತಾನೆ ಆದ್ರೆ ಕೊಡೋ ಮುಂಚೆ ಕ್ಯಾಮೆರಾ ಎದುರಿಗಿರೋರ ಮುಖಕ್ಕೆ ಹೋಗುತ್ತೆ, ನಿಜವಾಗ್ಲೂ ಕೊಟ್ಟಿರೋದು ಒಂದೇ. ಅದ್ರಲ್ಲಿ ನೋಡಿದ್ರೆ ಗಿಮಿಕ್ಕೇ ಇಲ್ಲ, ಬರೀ ಕೈ ಕೆಲ್ಸ ಕಲಿಸೋ ಪಾಠ ಅದು. ಸದ್ಯಕ್ಕೆ ಅದನ್ನ ತಗೊಳ್ತೀನಿ, ಮ್ಯಾಗ್ನೆಟ್ ಸೆಟ್ಟು ಬೇಡ. ಮನೇಲಿರೋ ಚಮಚಗಳಿಗೆಲ್ಲ ಮ್ಯಾಗ್ನೆಟ್ ಹಿಡಿದು ನೋಡ್ದೆ, ಅರ್ಧಕ್ಕರ್ಧ ಅಂಟಲ್ಲ. ತೆಳು ಕತ್ತಿನದು ನಾಲ್ಕು ಸಿಕ್ತು, ಎರಡು ಆಗ್ಲೇ ಬಗ್ಗಿಸಿದೀನಿ, ಶಕ್ತಿ ಬೇಕಾಗ್ಲಿಲ್ಲ ನಿಜ.

* * *

ಭೇಷ್. ಬಗ್ಗಿದ್ದನ್ನ ನೇರ ಮಾಡಿ ವಾಪಸ್ ಇಟ್ರಾ ಮತ್ತೆ? ಇಟ್ಟಿದ್ರೆ ಅವೆರಡನ್ನ ಗುರುತು ಮಾಡ್ಕೊಳಿ, ಮುಂದಿನ್ಸಲ ಅವು ಮೊದಲಿನ ಥರ ಬಗ್ಗಲ್ಲ.

* * *

ನೇರ ಮಾಡೋಕೆ ಮುಂಚೆ ಅಮ್ಮ ನೋಡ್ಬಿಟ್ರು.